ಮನೆ ಬಿಡದ ಅಭ್ಯರ್ಥಿ, ಊರೂರು ಸುತ್ತಿದ ಮುಖ

1860ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಬಿಲ್ಲೆಯೊಂದನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡೋಣ. ನಮ್ಮ ಹಳೆಯ ಎಂಟಾಣೆಯಷ್ಟು ಅಗಲ. ಸುತ್ತ ಹಿತ್ತಾಳೆಯ ಅಂಚು, ಮೇಲ್ಗಡೆ ರಿಬ್ಬನ್ ಪೋಣಿಸಲು ಒಂದು ತೂತು. ಒಂದು ಬದಿಯಲ್ಲಿ ಗಡ್ಡವಿಲ್ಲದ ಅಬ್ರಹಾಂ ಲಿಂಕನ್. ತಿರುಗಿಸಿದರೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಹ್ಯಾನಿಬಲ್ ಹ್ಯಾಮ್ಲಿನ್. ಎರಡೂ ಮುದ್ರಣ ಯಂತ್ರದಿಂದ ಬಂದ ಚಿತ್ರಗಳಲ್ಲ, ಕಬ್ಬಿಣದ ತಗಡಿನ ಮೇಲೆ ಬೆಳಕು ಮತ್ತು ಬೆಳ್ಳಿ ಸೇರಿ ಮೂಡಿಸಿದ ನಿಜವಾದ ಫೋಟೊಗಳು. ಚೆನ್ನಾಗಿ ಮೂಡಿದ ಬಿಲ್ಲೆಯಾದರೆ ಭೂತಗನ್ನಡಿಯಲ್ಲಿ ಇನ್ನೊಂದು ಸಂಗತಿಯೂ ಕಾಣುತ್ತದೆ. ಲಿಂಕನ್‌ಗೆ ಮಚ್ಚೆ ಇದ್ದದ್ದು ಬಲಗೆನ್ನೆಯಲ್ಲಿ. ಬಿಲ್ಲೆಯಲ್ಲಿ ಅದು ಎಡಗೆನ್ನೆಗೆ ಬಂದು ಕೂತಿರುತ್ತದೆ.

ಈ ಮಚ್ಚೆ ಯಾಕೆ ಜಾಗ ಬದಲಿಸಿತು ಎಂದು ತಿಳಿದರೆ ಆ ಕಾಲದ ಪ್ರಚಾರ ಛಾಯಾಗ್ರಹಣ ಬಹುಪಾಲು ತಿಳಿದಂತೆ. 19ನೇ ಶತಮಾನದ ಅಮೆರಿಕದಲ್ಲಿ ಕ್ಯಾಮೆರಾ ಚುನಾವಣಾ ಪ್ರಚಾರವನ್ನು ಸೆರೆಹಿಡಿದದ್ದು ತೀರ ಕಡಿಮೆ. ಮೆರವಣಿಗೆ, ಪಂಜು, ಭಾಷಣ, ಜನಜಾತ್ರೆ ಇವೆಲ್ಲ ಹೆಚ್ಚುಕಡಿಮೆ ಅದರ ಕೈಗೆ ಸಿಗಲೇ ಇಲ್ಲ. ಅದು ಮಾಡಿದ ಕೆಲಸ ಬೇರೆ: ಪ್ರಚಾರಕ್ಕೆ ಒಂದು ಮುಖ ಒದಗಿಸಿಕೊಟ್ಟಿತು. ಇದಕ್ಕೆ ಅರ್ಧ ಕಾರಣ ರಾಜಕೀಯದ ರೂಢಿಯಲ್ಲಿದೆ, ಇನ್ನರ್ಧ ರಸಾಯನದಲ್ಲಿದೆ.

ರೂಢಿಯ ಮಾತು ಮೊದಲು. ಆಗ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ತಾನೇ ಊರೂರು ತಿರುಗಿ ಮತ ಕೇಳುವುದು ಮರ್ಯಾದೆಯಲ್ಲ ಎಂಬ ಭಾವನೆ ಗಟ್ಟಿಯಾಗಿತ್ತು. ಪಕ್ಷದವರು ಸಭೆ ಮಾಡಬೇಕು, ಪತ್ರಿಕೆಗಳು ಬರೆಯಬೇಕು, ಅಭ್ಯರ್ಥಿ ಮನೆಯಲ್ಲಿ ಗಂಭೀರವಾಗಿ ಕೂತಿರಬೇಕು. 1860ರಲ್ಲಿ ಲಿಂಕನ್‌ರ ಎದುರಾಳಿ, ಡೆಮಾಕ್ರಟಿಕ್ ಅಭ್ಯರ್ಥಿ ಸ್ಟೀಫನ್ ಡಗ್ಲಸ್ ಈ ರೂಢಿ ಮುರಿದು ದೇಶ ಸುತ್ತಿದರು, ಅದಕ್ಕೆ ಟೀಕೆಯನ್ನೂ ಕೇಳಿಸಿಕೊಂಡರು. ಲಿಂಕನ್ ಮಾತ್ರ ಮೇ 18ರಂದು ಶಿಕಾಗೊದಲ್ಲಿ ಅವರ ಹೆಸರು ಆಯ್ಕೆಯಾದ ಮೇಲೆ ನವೆಂಬರ್ 6ರ ಮತದಾನದವರೆಗೂ ಇಲಿನಾಯ್‌ನ ಸ್ಪ್ರಿಂಗ್‌ಫೀಲ್ಡ್ ಬಿಟ್ಟು ಪ್ರಚಾರಕ್ಕೆ ಹೊರಡಲಿಲ್ಲ. ಪೂರ್ವದ ರಾಜ್ಯಗಳಲ್ಲಿ ಅವರನ್ನು ಕಣ್ಣಾರೆ ಕಂಡವರು ಕಡಿಮೆ. ಕುರೂಪಿ, ಗಮಾರ ಎಂದು ಎದುರಾಳಿ ಪತ್ರಿಕೆಗಳು ಬರೆಯುತ್ತಲೇ ಇದ್ದವು. ಮನುಷ್ಯ ಹೋಗದ ಕಡೆಗೆ ಮುಖ ಹೋಗಬೇಕಿತ್ತು.

ಒಂದೇ ಪ್ರತಿಯ ಕಾಲ

ಫ್ರಾನ್ಸಿನ ಲೂಯಿ ಡಗೆರ್ ಕಂಡುಹಿಡಿದ ಡಗೆರೊಟೈಪ್ ವಿಧಾನ 1839ರ ಆಗಸ್ಟ್‌ನಲ್ಲಿ ಬಹಿರಂಗವಾಯಿತು. ಕೆಲವೇ ವಾರಗಳಲ್ಲಿ ಅದರ ವಿವರ ಅಟ್ಲಾಂಟಿಕ್ ದಾಟಿತು. ತಾಮ್ರದ ತಗಡಿಗೆ ತೆಳುವಾಗಿ ಬೆಳ್ಳಿ ಹೊದಿಸಿ, ಮುಖ ಕಾಣುವ ಹಾಗೆ ಉಜ್ಜಿ, ಅಯೋಡಿನ್ ಹೊಗೆಗೆ ಹಿಡಿದು ಕ್ಯಾಮೆರಾಕ್ಕೆ ಹಾಕುವುದು. ಬೆಳಕು ಕೊಟ್ಟಾದ ಮೇಲೆ ಬಿಸಿ ಪಾದರಸದ ಆವಿಯಲ್ಲಿ ಚಿತ್ರ ಏಳಿಸುವುದು, ಹೈಪೋ (ಸೋಡಿಯಂ ಥಯೋಸಲ್ಫೇಟ್) ದ್ರಾವಣದಲ್ಲಿ ಸ್ಥಿರಗೊಳಿಸುವುದು, ಚಿನ್ನದ ಕ್ಲೋರೈಡ್‌ನಿಂದ ಗಟ್ಟಿ ಮಾಡುವುದು. ಬರುವ ಚಿತ್ರದ ಸೂಕ್ಷ್ಮತೆಗೆ ಇಂದಿಗೂ ತಲೆದೂಗಬೇಕು. ಆದರೆ ನೆಗೆಟಿವ್ ಇಲ್ಲ. ಒಂದು ಸಲ ಕೂತರೆ ಒಂದೇ ಚಿತ್ರ. ಇನ್ನೊಂದು ಬೇಕೆಂದರೆ ಮತ್ತೆ ಕೂರಬೇಕು, ಇಲ್ಲವೇ ಆ ಚಿತ್ರದ ಚಿತ್ರ ತೆಗೆಯಬೇಕು.

ಹಾಗಾಗಿ 1840ರ ದಶಕದ ಚುನಾವಣೆಗಳಲ್ಲಿ ಫೋಟೊ ಹಿಂಬಾಗಿಲಿನಿಂದ ಬಂತು ಎನ್ನಬೇಕು. ಡಗೆರೊಟೈಪ್ ನೋಡಿ ಕಲಾವಿದ ಕಲ್ಲಚ್ಚಿಗೆ (ಲಿಥೋಗ್ರಾಫ್) ಚಿತ್ರ ಬರೆಯುತ್ತಿದ್ದ, ಜನರ ಕೈ ಸೇರುತ್ತಿದ್ದದ್ದು ಆ ಕಲ್ಲಚ್ಚಿನ ಹಾಳೆ. 1844ರಲ್ಲಿ ನ್ಯೂಯಾರ್ಕ್‌ನ ಬ್ರಾಡ್‌ವೇಯಲ್ಲಿ ಸ್ಟುಡಿಯೊ ತೆರೆದ ಮ್ಯಾಥ್ಯೂ ಬ್ರೇಡಿ ದೊಡ್ಡವರ ಮುಖಗಳನ್ನು ಕೂಡಿಡುವುದನ್ನೇ ಕಸುಬು ಮಾಡಿಕೊಂಡರು. 1850ರಲ್ಲಿ ಅವರು ಪ್ರಸಿದ್ಧ ಅಮೆರಿಕನ್ನರ ಚಿತ್ರಸಂಪುಟ ಹೊರತಂದಾಗಲೂ ಒಳಗಿದ್ದದ್ದು ಫೋಟೊಗಳಲ್ಲ, ಅವನ್ನು ನೋಡಿ ಫ್ರಾನ್ಸಿಸ್ ದಾವಿನ್ಯೋಂ ಬರೆದ ಕಲ್ಲಚ್ಚುಗಳು.

ಒಂದೇ ಪ್ರತಿ ಎಂಬ ಮಿತಿಯೊಳಗೂ ಒಂದು ಅಪರೂಪದ ರಾಜಕೀಯ ಚಿತ್ರ ಹುಟ್ಟಿದ್ದುಂಟು. 1850ರ ಆಗಸ್ಟ್ 22ರಂದು ನ್ಯೂಯಾರ್ಕ್ ರಾಜ್ಯದ ಕ್ಯಾಜನೋವಿಯಾದಲ್ಲಿ, ತಪ್ಪಿಸಿಕೊಂಡ ಗುಲಾಮರನ್ನು ಹಿಡಿದು ಒಪ್ಪಿಸುವ ಕಾಯ್ದೆಯ ವಿರುದ್ಧ ಸೇರಿದ್ದ ಸಮಾವೇಶವನ್ನು ಎಜ್ರಾ ಗ್ರೀನ್‌ಲೀಫ್ ವೆಲ್ಡ್ ಡಗೆರೊಟೈಪ್‌ನಲ್ಲಿ ಹಿಡಿದರು. ಬಯಲಿನಲ್ಲಿ ಮೇಜು, ಅದರ ಬಳಿ ಕೂತ, ಗುಲಾಮಗಿರಿಯಿಂದ ಪಾರಾಗಿ ಬಂದ ಹೋರಾಟಗಾರ ಫ್ರೆಡರಿಕ್ ಡಗ್ಲಸ್, ಹಿಂದೆ ಕೈ ಚಾಚಿ ನಿಂತ ಗುಲಾಮಗಿರಿ ವಿರೋಧಿ ನಾಯಕ ಗೆರಿಟ್ ಸ್ಮಿತ್, ಸುತ್ತ ಶಾಲು ಹೊದ್ದ ಹೆಂಗಸರು, ಆಚೆ ತಲೆಗಳ ಸಾಲು. ಗುಲಾಮರು ಪಾರಾಗಲು ನೆರವಾದ ಆರೋಪದಲ್ಲಿ ಸೆರೆಯಲ್ಲಿದ್ದ ವಿಲಿಯಂ ಚಾಪ್ಲಿನ್‌ಗೆ ಕಳಿಸಲೆಂದು ತೆಗೆದ ಚಿತ್ರವದು. ಒಂದು ಇಡೀ ಸಭೆ ಒಬ್ಬ ಮನುಷ್ಯನಿಗಾಗಿ ಅಲುಗಾಡದೆ ನಿಂತಿದೆ! ಸ್ಮಿತ್ ಚಾಚಿದ ಕೈ ಭಾಷಣದ ಭರದಲ್ಲಿ ಎತ್ತಿದ್ದಿರಲಾರದು. ಆ ಭರದ ಕೈ ಆ ತಗಡಿನ ಮೇಲೆ ಬರೀ ಮಸುಕಾಗಿ ಉಳಿಯುತ್ತಿತ್ತು.

ಒದ್ದೆ ತಟ್ಟೆಯ ಹತ್ತು ನಿಮಿಷ

1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಒದ್ದೆ ಕೊಲೋಡಿಯನ್ ವಿಧಾನ ಇಡೀ ಆಟವನ್ನೇ ಬದಲಿಸಿತು. ಪ್ರಚಾರದ ಬಿಲ್ಲೆ, ಕಾರ್ಡು, ಬ್ರೇಡಿಯ ಪ್ರಸಿದ್ಧ ಲಿಂಕನ್ ಚಿತ್ರ ಎಲ್ಲವೂ ಇದರದೇ ಸಂತಾನ. ಕೆಲಸದ ಕ್ರಮ ಹೀಗೆ.

ಹತ್ತಿಯನ್ನು ನೈಟ್ರಿಕ್ ಮತ್ತು ಗಂಧಕಾಮ್ಲಗಳ ಮಿಶ್ರಣದಲ್ಲಿ ಅದ್ದಿ ತೊಳೆದು ಒಣಗಿಸಿದರೆ ಸಿಡಿಹತ್ತಿ ಸಿಗುತ್ತದೆ. ಅದನ್ನು ಈಥರ್ ಮತ್ತು ಆಲ್ಕೋಹಾಲ್‌ನಲ್ಲಿ ಕರಗಿಸಿದ ಪಾಕವೇ ಕೊಲೋಡಿಯನ್. ಇದಕ್ಕೆ ಅಯೋಡೈಡ್, ಬ್ರೋಮೈಡ್ ಲವಣ ಬೆರೆಸುತ್ತಾರೆ. ಸೀಮೆಸುಣ್ಣದ ಪುಡಿಯಿಂದ ಉಜ್ಜಿ ಶುಚಿಮಾಡಿದ ಗಾಜನ್ನು ಬೆರಳ ತುದಿಯಲ್ಲಿ ಹಿಡಿದು, ಪಾಕವನ್ನು ಮಧ್ಯಕ್ಕೆ ಸುರಿದು, ಒಂದೊಂದೇ ಮೂಲೆಗೆ ಬಾಗಿಸಿ ಹರಿಸಿ, ಕೊನೆಯ ಮೂಲೆಯಿಂದ ಉಳಿದದ್ದನ್ನು ಮತ್ತೆ ಸೀಸೆಗೆ ಬಸಿಯಬೇಕು. ದೋಸೆ ಹಿಟ್ಟನ್ನು ಸವಟು ಮುಟ್ಟಿಸದೆ ಕಾವಲಿಯನ್ನೇ ಆಡಿಸಿ ಹರಡಿದ ಹಾಗೆ. ಮಧ್ಯೆ ನಿಲ್ಲಿಸಿದರೆ ಅಲ್ಲೊಂದು ಗೆರೆ ಶಾಶ್ವತ. ಪದರ ಬೆರಳಿಗೆ ಅಂಟಂಟಾದ ಕೂಡಲೇ, ಕತ್ತಲಕೋಣೆಯಲ್ಲಿ, 100 ಮಿ.ಲೀ. ನೀರಿಗೆ ಸುಮಾರು 8–9 ಗ್ರಾಂ ಸಿಲ್ವರ್ ನೈಟ್ರೇಟ್ ಹಾಕಿದ ದ್ರಾವಣದಲ್ಲಿ ಮೂರು ನಿಮಿಷ ಮುಳುಗಿಸಬೇಕು. ಲವಣಗಳು ಬೆಳ್ಳಿಯೊಂದಿಗೆ ಸೇರಿ ಪದರ ಹಾಲಿನ ಬಣ್ಣಕ್ಕೆ ತಿರುಗಿದರೆ ತಟ್ಟೆಗೆ ಬೆಳಕನ್ನು ಹಿಡಿಯುವ ಶಕ್ತಿ ಬಂದ ಹಾಗೆ. ತೊಟ್ಟಿಕ್ಕುತ್ತಿರುವಾಗಲೇ ಕ್ಯಾಮೆರಾಕ್ಕೆ ಹಾಕಿ, ಬೆಳಕು ಕೊಟ್ಟು, ವಾಪಸು ತಂದು, ಅನ್ನಭೇದಿಯ (ಫೆರಸ್ ಸಲ್ಫೇಟ್) ದ್ರಾವಣ ಸುರಿದು ಡೆವಲಪ್ ಮಾಡಬೇಕು. ಆ ದ್ರಾವಣಕ್ಕೆ ಅಸಿಟಿಕ್ ಆಮ್ಲ ಸೇರಿಸುವುದು ಅದರ ಓಟವನ್ನು ತಡೆಯಲು. ಇಲ್ಲದಿದ್ದರೆ ಬೆಳಕು ಬೀಳದ ಜಾಗದಲ್ಲೂ ಬೆಳ್ಳಿ ಕೂತು ಚಿತ್ರವೆಲ್ಲ ಮಂಜು ಮುಸುಕಿದಂತಾಗುತ್ತದೆ. ಹದಿನೈದು ಇಪ್ಪತ್ತು ಸೆಕೆಂಡಿಗೆ ನೀರು ಸುರಿದು ನಿಲ್ಲಿಸಿ, ಹೈಪೋ ಅಥವಾ ಪೊಟ್ಯಾಸಿಯಂ ಸಯನೈಡ್‌ನಲ್ಲಿ ಸ್ಥಿರಗೊಳಿಸಿ, ತೊಳೆದು ಒಣಗಿಸಿ, ಬಿಸಿ ತಟ್ಟೆಗೆ ಮೆರುಗೆಣ್ಣೆ ಬಳಿಯಬೇಕು.

ಇದೆಲ್ಲ ತಟ್ಟೆ ಒಣಗುವ ಮುಂಚೆ ಮುಗಿಯಬೇಕು. ಈಥರ್ ಹಾರಿ ಪದರ ಗಟ್ಟಿಯಾದರೆ ಡೆವಲಪರ್ ಒಳಗೆ ಇಳಿಯುವುದಿಲ್ಲ. ಸುಮಾರು ಹತ್ತು ನಿಮಿಷದ ಅವಕಾಶ, ಬೇಸಿಗೆಯಲ್ಲಿ ಇನ್ನೂ ಕಡಿಮೆ. ಹೊರಗೆ ಚಿತ್ರ ತೆಗೆಯಬೇಕಾದರೆ ಕತ್ತಲಕೋಣೆಯನ್ನೂ ಗಾಡಿಯಲ್ಲೋ ಡೇರೆಯಲ್ಲೋ ಹೊತ್ತೊಯ್ಯಬೇಕು. ಸಿಲ್ವರ್ ನೈಟ್ರೇಟ್ ತಾಗಿದ ಬೆರಳು ಬಿಸಿಲಿಗೆ ಕಪ್ಪಾಗಿ ದಿನಗಟ್ಟಲೆ ಹೋಗುವುದಿಲ್ಲ, ಆ ಕಾಲದ ಛಾಯಾಗ್ರಾಹಕರ ಗುರುತೇ ಅದು. 1962ರಿಂದ ಭಾರತದ ಮತದಾರರ ಬೆರಳಿಗೆ ಮೈಸೂರಿನ ಕಾರ್ಖಾನೆಯ ಶಾಯಿ ಹಚ್ಚುತ್ತಿದ್ದೇವಲ್ಲ, ಅದರಲ್ಲಿರುವುದೂ ಇದೇ ಸಿಲ್ವರ್ ನೈಟ್ರೇಟ್. ಅಂದು ಅಭ್ಯರ್ಥಿಯ ಮುಖ ಮೂಡಿಸಿದ ಲವಣ ಇಂದು ಮತದಾರನ ಉಗುರಿನ ಮೇಲಿದೆ.

ಈ ತಟ್ಟೆಗೆ ಕಾಣುತ್ತಿದ್ದದ್ದು ನೀಲಿ ಮತ್ತು ಅತಿನೇರಳೆ ಬೆಳಕು ಮಾತ್ರ. ಕೆಂಪು, ಹಳದಿ ಅದರ ಪಾಲಿಗೆ ಕತ್ತಲೆ. ನೀಲಿ ಕಣ್ಣಿನವರ ಕಣ್ಣು ಬಿಳಿಚಿ ಭೂತದ ಹಾಗೆ ಬರುತ್ತಿತ್ತು, ಕೆಂಪು ಮುಖದವರು ಕಪ್ಪಾಗುತ್ತಿದ್ದರು, ಬಿಸಿಲಿನ ಚುಕ್ಕೆ ಇದ್ದವರ ಕೆನ್ನೆ ಸಿಡುಬು ಬಿದ್ದಂತೆ ಕಾಣುತ್ತಿತ್ತು. ಬಾವುಟದ ಕಥೆ ಇನ್ನೂ ಸ್ವಾರಸ್ಯ. ಅಮೆರಿಕದ ಧ್ವಜದ ಕೆಂಪು ಪಟ್ಟೆ ಕಪ್ಪಾಗುತ್ತದೆ, ನೀಲಿ ಚೌಕ ಮಾಸಲು ಬಿಳಿಯಾಗಿ ಅದರೊಳಗಿನ ಬಿಳಿ ನಕ್ಷತ್ರಗಳು ಕರಗಿಹೋಗುತ್ತವೆ. ಕೆಂಪು ಬಟ್ಟೆಯ ಮೇಲೆ ಬಿಳಿ ಅಕ್ಷರ ಬರೆದ ಪ್ರಚಾರದ ಪಟ ಚೆನ್ನಾಗಿ ಓದಿಸಿಕೊಳ್ಳುತ್ತದೆ, ನೀಲಿ ಬಟ್ಟೆಯ ಮೇಲೆ ಬರೆದದ್ದು ಕಾಣುವುದೇ ಕಷ್ಟ.

ಮುಖಕ್ಕೆ ಸಿಕ್ಕ ಮಸೂರ, ಜಾತ್ರೆಗೆ ಸಿಗದ ಮಸೂರ

ಆ ಕಾಲದಲ್ಲಿ ಯಾಕೆ ಬರೀ ಮುಖಗಳೇ ಎಂದು ಕೇಳುವವರು ಮಸೂರದ ಕಡೆ ನೋಡಬೇಕು. ವಿಯೆನ್ನಾದ ಜೋಸೆಫ್ ಪೆಟ್ಸ್‌ವಾಲ್ 1840ರಲ್ಲಿ ಲೆಕ್ಕ ಹಾಕಿ ರೂಪಿಸಿದ ಭಾವಚಿತ್ರದ ಮಸೂರ ಎಫ್/3.6ರಷ್ಟು ಅಗಲ ಬಾಯಿಯದು. ಹಿಂದಿನ ಮಸೂರಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಬೆಳಕು ಒಳಗೆ ಬಿಡುತ್ತಿತ್ತು. ಆದರೆ ಅದು ನಿಖರವಾಗಿ ಬಿಡಿಸುತ್ತಿದ್ದದ್ದು ನಡುವಿನ ಭಾಗವನ್ನು ಮಾತ್ರ, ಅಂಚಿಗೆ ಹೋದಂತೆ ಎಲ್ಲ ಸುಳಿಯಾಗಿ ಮಸುಕಾಗುತ್ತದೆ. ಒಬ್ಬ ಮನುಷ್ಯನ ತಲೆ ಮತ್ತು ಎದೆಗೆ ಹೇಳಿ ಮಾಡಿಸಿದ ಸಾಧನ, ಜನಸಂದಣಿಗೆ ಕೆಲಸಕ್ಕೆ ಬಾರದು. ಅಂಚಿನಿಂದ ಅಂಚಿಗೆ ಸ್ಪಷ್ಟ ಬೇಕೆಂದರೆ ಸಣ್ಣ ಬಾಯಿಯ ಭೂದೃಶ್ಯ ಮಸೂರ ಹಾಕಬೇಕು, ಆಗ ಬಯಲಿನ ಬಿಸಿಲಿನಲ್ಲೂ ಹಲವು ಸೆಕೆಂಡು ಬೆಳಕು ಕೊಡಬೇಕು. ಅಷ್ಟು ಹೊತ್ತು ಯಾವ ಮೆರವಣಿಗೆ ನಿಂತೀತು?

ಸ್ಟುಡಿಯೊದ ಒಳಗೂ ಛಾವಣಿಯ ಗಾಜಿನಿಂದ ಬರುವ ಬೆಳಕೇ ಗತಿ. ಐದರಿಂದ ಇಪ್ಪತ್ತು ಸೆಕೆಂಡು ಕದಲದೆ ಇರಬೇಕಾದ್ದರಿಂದ ತಲೆಯ ಹಿಂದೆ ಕಬ್ಬಿಣದ ಕವಲುಗೋಲು ನಿಲ್ಲಿಸುತ್ತಿದ್ದರು. ನಿಂತ ಚಿತ್ರಗಳಲ್ಲಿ ಅಭ್ಯರ್ಥಿಯ ಬೂಟಿನ ಹಿಂದೆ ಆ ಗೋಲಿನ ಪಾದ ಇಣುಕುವುದನ್ನು ಈಗಲೂ ಕಾಣಬಹುದು. ನಗು ಅಷ್ಟು ಹೊತ್ತು ನಿಲ್ಲದು, ಬಿಗಿದ ತುಟಿ ನಿಲ್ಲುತ್ತದೆ. ಆ ನಾಯಕರ ಗಾಂಭೀರ್ಯದಲ್ಲಿ ಕವಲುಗೋಲಿಗೂ ಪಾಲಿದೆ.

1860ರ ಪ್ರಚಾರದ ಅತಿ ದೊಡ್ಡ ನೋಟ ಲಿಂಕನ್ ಪರ ಬೀದಿಗಿಳಿದ ರಿಪಬ್ಲಿಕನ್ ಸಂಘಗಳಾದ ‘ವೈಡ್ ಅವೇಕ್’ ತರುಣರದು. ಎಣ್ಣೆಬಟ್ಟೆಯ ಮೇಲಂಗಿ ತೊಟ್ಟು, ಪಂಜು ಹಿಡಿದು, ಇಡೀ ಬೀದಿ ತುಂಬುವ ರಾತ್ರಿಯ ಮೆರವಣಿಗೆ. ರಾತ್ರಿ! ಉರಿಸಿ ಚಿತ್ರ ತೆಗೆಯುವ ಮೆಗ್ನೀಸಿಯಂ ತಂತಿ ಬಳಕೆಗೆ ಬಂದದ್ದು 1864ರ ಹೊತ್ತಿಗೆ, ಫ್ಲ್ಯಾಶ್ ಪುಡಿ ಬಂದದ್ದು 1887ರಲ್ಲಿ. ಹೀಗಾಗಿ ಆ ತರುಣರು ನಮಗೆ ಸಿಗುವುದು ಹಗಲು ಸ್ಟುಡಿಯೊದಲ್ಲಿ ಅದೇ ಮೇಲಂಗಿ ತೊಟ್ಟು, ಆರಿದ ಪಂಜು ಹಿಡಿದು ನಿಂತ ಭಾವಚಿತ್ರಗಳಲ್ಲಿ. ಉರಿಯುವ ಪಂಜು ಪತ್ರಿಕೆಗಳ ಮರದಚ್ಚಿನಲ್ಲಷ್ಟೇ ಉಳಿದಿದೆ.

ಆದರೂ ಪ್ರಚಾರದ ಒಂದು ದಿನ ಹಗಲಿನಲ್ಲೇ ಕ್ಯಾಮೆರಾಕ್ಕೆ ಸಿಕ್ಕಿಬಿದ್ದಿದೆ. 1860ರ ಆಗಸ್ಟ್ 8ರಂದು ಸ್ಪ್ರಿಂಗ್‌ಫೀಲ್ಡ್‌ನಲ್ಲಿ ರಿಪಬ್ಲಿಕನ್ನರ ಭಾರೀ ಸಭೆ. ಮೆರವಣಿಗೆ ಲಿಂಕನ್ ಮನೆಯ ಮುಂದೆ ಹಾದುಹೋದಾಗ ವಿಲಿಯಂ ಶಾ ಎಂಬ ಛಾಯಾಗ್ರಾಹಕ ಎದುರು ಬದಿಯಿಂದ ತೆಗೆದ ಚಿತ್ರ ಉಳಿದಿದೆ. ಎರಡಂತಸ್ತಿನ ಮರದ ಮನೆ, ಮುಂದೆ ಜನ. ಬಾಗಿಲ ಪಕ್ಕ, ಸುತ್ತಲಿನವರಿಗಿಂತ ತಲೆ ಎತ್ತರಕ್ಕೆ, ಬಿಳಿ ಉಡುಪಿನಲ್ಲಿ ನಿಂತವರೇ 193 ಸೆಂ.ಮೀ. ಎತ್ತರದ ಲಿಂಕನ್. ಬೀದಿಯಲ್ಲಿ ಕದಲಿದವರು ಮಸುಕು, ನಿಂತವರು ಸ್ಪಷ್ಟ. ಚಿತ್ರದಲ್ಲಿ ಲಿಂಕನ್‌ರ ಮುಖ ಹೆಚ್ಚೇನೂ ಕಾಣದು. ಗುರುತು ಸಿಗುವುದು ಎತ್ತರ ಮತ್ತು ಆ ಬಿಳಿ ಬಟ್ಟೆಯಿಂದಲೇ. ಕಪ್ಪು ಕೋಟುಗಳ ನಡುವೆ ಬಿಳಿ ಉಡುಪು ತೊಟ್ಟದ್ದು ಆ ದಿನದ ಸೆಕೆಗೆ ಇದ್ದೀತು. ಛಾಯಾಚಿತ್ರಕ್ಕೆ ಮಾತ್ರ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಅಭ್ಯರ್ಥಿ ಪ್ರಚಾರಕ್ಕೆ ಹೋಗಲಿಲ್ಲ, ಪ್ರಚಾರವೇ ಅವರ ಅಂಗಳಕ್ಕೆ ಬಂದದ್ದರಿಂದ ಈ ಚಿತ್ರ ಸಾಧ್ಯವಾಯಿತು.

ಬ್ರೇಡಿ ಏರಿಸಿದ ಕಾಲರು

ಅದೇ ವರ್ಷ ಫೆಬ್ರುವರಿ 27ರಂದು ನ್ಯೂಯಾರ್ಕ್‌ನ ಕೂಪರ್ ಯೂನಿಯನ್‌ನಲ್ಲಿ ಭಾಷಣ ಮಾಡಲು ಬಂದ ಲಿಂಕನ್, ಹಗಲು ಬ್ರೇಡಿಯ ಸ್ಟುಡಿಯೊಗೆ ಹೋಗಿ ನಿಂತರು. ಮೂರು ವರ್ಷದ ಹಿಂದೆ ಶಿಕಾಗೊದಲ್ಲಿ ಅಲೆಕ್ಸಾಂಡರ್ ಹೆಸ್ಲರ್ ತೆಗೆದಿದ್ದ ಚಿತ್ರದಲ್ಲಿ ಕೂದಲು ಕೆದರಿ ನಿಂತಿತ್ತು. ಬ್ರೇಡಿಯ ಸಮಸ್ಯೆ ಬೇರೆ: ಉದ್ದ ಕತ್ತು. ಅಂಗಿಯ ಕಾಲರನ್ನು ಮೇಲಕ್ಕೆ ಎಳೆಸಿ ಕತ್ತು ಮುಚ್ಚಿಸಿದರು. ತಲೆ ಮಾತ್ರ ತೋರಿಸುವ ಬದಲು ತೊಡೆಯವರೆಗೆ ತೋರಿಸಿ, ಪಕ್ಕದಲ್ಲಿ ಕಂಬ ಬರುವಂತೆ ಮಾಡಿ, ಕೈಯನ್ನು ಪುಸ್ತಕಗಳ ಮೇಲೆ ಇರಿಸಿದರು. ಎತ್ತರ ದೋಷದಂತೆ ಕಾಣದೆ ಘನತೆಯಾಯಿತು. ಕಂಬ ಮತ್ತು ಪುಸ್ತಕ ರಾಜಪುರುಷರ ತೈಲಚಿತ್ರಗಳಲ್ಲಿ ತಲೆಮಾರುಗಳಿಂದ ಇದ್ದ ಸಾಮಗ್ರಿ, ಗಡಿನಾಡಿನ ವಕೀಲರೊಬ್ಬರನ್ನು ಬ್ರೇಡಿ ಆ ಸಾಲಿಗೆ ಸೇರಿಸಿದರು. ಆ ದಿನ ಲಿಂಕನ್ ಇನ್ನೂ ಅಭ್ಯರ್ಥಿಯೂ ಆಗಿರಲಿಲ್ಲ. ಮೇ ತಿಂಗಳಲ್ಲಿ ಹೆಸರು ಘೋಷಣೆಯಾದಾಗ ಹಂಚಲು ಯೋಗ್ಯವಾದ ಮುಖ ಸಿದ್ಧವಾಗಿತ್ತು.

ಪತ್ರಿಕೆಗೆ ಫೋಟೊವನ್ನು ನೇರವಾಗಿ ಅಚ್ಚು ಹಾಕುವ ದಾರಿ ಇರಲಿಲ್ಲ. ಬೂದು ಛಾಯೆಗಳನ್ನು ಚುಕ್ಕೆಗಳಾಗಿ ಒಡೆಯುವ ಹಾಫ್‌ಟೋನ್ ವಿಧಾನ ನ್ಯೂಯಾರ್ಕ್‌ನ ದಿನಪತ್ರಿಕೆಯಲ್ಲಿ ಕಂಡದ್ದು 1880ರ ಮಾರ್ಚ್ 4ರಂದು. ಅದಕ್ಕೆ ಮುಂಚೆ ಗಟ್ಟಿಯಾದ ಬಾಕ್ಸ್ ಮರದ ತುಂಡುಗಳನ್ನು ಬೋಲ್ಟ್ ಹಾಕಿ ಜೋಡಿಸಿ, ಮೇಲೆ ಚಿತ್ರ ಬರೆದು, ತುಂಡುಗಳನ್ನು ಬಿಚ್ಚಿ ಒಬ್ಬೊಬ್ಬ ಕೆತ್ತನೆಗಾರನಿಗೆ ಒಂದೊಂದು ಹಂಚಿ, ಮತ್ತೆ ಕೂಡಿಸಿ, ಸಂದಿನ ಗೆರೆಗಳನ್ನು ನುರಿತ ಕೈಯೊಂದು ಸರಿಪಡಿಸುತ್ತಿತ್ತು. ‘ಹಾರ್ಪರ್ಸ್ ವೀಕ್ಲಿ’ ಬ್ರೇಡಿಯ ಚಿತ್ರವನ್ನು ಹೀಗೆಯೇ ಮರಕ್ಕೆ ಇಳಿಸಿತು. 1860ರ ನವೆಂಬರ್ 10ರ ಸಂಚಿಕೆಯ ಮುಖಪುಟಕ್ಕೆ ಅದನ್ನು ಬರೆದುಕೊಟ್ಟವರು ವಿನ್ಸ್‌ಲೋ ಹೋಮರ್. ಹಿಂದೆ ಹೊರಗಿನ ಬಯಲು ಕಾಣುವ ಕಿಟಕಿಯನ್ನೂ ಸೇರಿಸಿದರು. ಫೋಟೊದಲ್ಲಿ ಆ ಬಯಲು ಇಲ್ಲ. ‘ಬ್ರೇಡಿಯ ಫೋಟೊದಿಂದ’ ಎಂಬ ಒಕ್ಕಣೆ ಇದ್ದರೂ ಓದುಗ ನೋಡುತ್ತಿದ್ದದ್ದು ಕೆತ್ತನೆಗಾರನ ಕೈಚಳಕವನ್ನು.

ಬಿಲ್ಲೆ ಹುಟ್ಟುವ ಬಗೆ

ಈಗ ಮಚ್ಚೆಗೆ ಬರೋಣ. 1856ರ ಫೆಬ್ರುವರಿಯಲ್ಲಿ ಓಹಾಯೊದ ಕಾಲೇಜು ಪ್ರಾಧ್ಯಾಪಕ ಹ್ಯಾಮಿಲ್ಟನ್ ಸ್ಮಿತ್ ಗಾಜಿನ ಬದಲು ತೆಳು ಕಬ್ಬಿಣದ ತಗಡನ್ನು ಬಳಸುವುದಕ್ಕೆ ಪೇಟೆಂಟ್ ಪಡೆದರು. ಇದೇ ಫೆರೊಟೈಪ್. ಜನ ಟಿನ್‌ಟೈಪ್ ಎಂದರೂ ಅದರಲ್ಲಿ ತವರ ಇಲ್ಲ. ಕಬ್ಬಿಣಕ್ಕೆ ಡಾಂಬರು ಮತ್ತು ಅಗಸೆ ಎಣ್ಣೆಯ ಕಪ್ಪು ಲೇಪ ಹಚ್ಚಿ ಒಲೆಯಲ್ಲಿ ಬೇಯಿಸುತ್ತಾರೆ. ಅದರ ಮೇಲೆ ಅದೇ ಕೊಲೋಡಿಯನ್, ಅದೇ ಬೆಳ್ಳಿಯ ಸ್ನಾನ.

ಕಬ್ಬಿಣದ ಮೇಲೆ ನೆಗೆಟಿವ್ ಹೇಗೆ ಸರಿಯಾದ ಚಿತ್ರವಾಗಿ ಕಾಣುತ್ತದೆ ಎಂಬ ಪ್ರಶ್ನೆ ಸಹಜ. ಬೆಳಕು ಬಿದ್ದಲ್ಲಿ ಅನ್ನಭೇದಿ ಕೂರಿಸುವ ಬೆಳ್ಳಿಯ ಕಣ ಮಾಸಲು ಬಿಳಿ ಬಣ್ಣದ್ದು. ಗಾಜನ್ನು ಬೆಳಕಿಗೆ ಎತ್ತಿ ಹಿಡಿದರೆ ಆ ಕಣ ಬೆಳಕನ್ನು ತಡೆದು ಕಪ್ಪಾಗಿ ಕಾಣುತ್ತದೆ. ಕಪ್ಪು ಹಿನ್ನೆಲೆಯ ಮೇಲೆ ಕೂತರೆ ಅದೇ ಕಣ ಬೆಳಕನ್ನು ಮರಳಿಸಿ ಬಿಳಿಯಾಗಿ ಹೊಳೆಯುತ್ತದೆ. ಕಣ ಇಲ್ಲದಲ್ಲಿ ಲೇಪದ ಕಪ್ಪೇ ನೆರಳಾಗುತ್ತದೆ. ಅದಕ್ಕೇ ಟಿನ್‌ಟೈಪ್‌ನಲ್ಲಿ ಅಪ್ಪಟ ಬಿಳಿ ಇರುವುದಿಲ್ಲ, ಅತ್ಯಂತ ಬೆಳ್ಳಗಿನ ಅಂಗಿಯೂ ಕೆನೆಬೂದು. ಇಲ್ಲಿ ನೆಗೆಟಿವ್‌ನಿಂದ ಕಾಗದಕ್ಕೆ ಮಗುಚುವ ಎರಡನೆಯ ಹೆಜ್ಜೆ ಇಲ್ಲದ ಕಾರಣ ಮಸೂರ ತಿರುಗಿಸಿದ ಎಡಬಲ ತಿರುಗಿದಂತೆಯೇ ಉಳಿಯುತ್ತದೆ. ಕನ್ನಡಿಯಲ್ಲಿ ನೋಡಿದ ಹಾಗೆ.

ಬಿಲ್ಲೆಗಾಗಿ ಅಭ್ಯರ್ಥಿ ಬಂದು ಕೂರುತ್ತಿರಲಿಲ್ಲ. ತಯಾರಕ ಬ್ರೇಡಿಯದೋ ಇನ್ನೊಬ್ಬರದೋ ಕಾಗದದ ಪ್ರಿಂಟನ್ನು ಹಲಗೆಗೆ ಗುಂಡುಸೂಜಿಯಿಂದ ಚುಚ್ಚಿ, ಒಳ್ಳೆಯ ಬೆಳಕಿನಲ್ಲಿ ಅದರ ಚಿತ್ರ ತೆಗೆಯುತ್ತಿದ್ದ. ಹಲವು ಮಸೂರಗಳ ಅಥವಾ ತಟ್ಟೆಯನ್ನು ಜರುಗಿಸುತ್ತಾ ಹೋಗುವ ಕ್ಯಾಮೆರಾದಿಂದ ಒಂದೇ ತಗಡಿನಲ್ಲಿ ಪುಟ್ಟ ಮುಖಗಳ ಸಾಲುಗಳೇ ಮೂಡುತ್ತಿದ್ದವು. ಮೆರುಗೆಣ್ಣೆ ಒಣಗಿದ ಮೇಲೆ ಕತ್ತರಿಯಿಂದಲೋ ಅಚ್ಚಿನಿಂದಲೋ ದುಂಡಗೆ ಕತ್ತರಿಸಿ, ಎರಡು ಮುಖಗಳನ್ನು ಬೆನ್ನಿಗೆ ಬೆನ್ನು ಸೇರಿಸಿ, ಹಿತ್ತಾಳೆಯ ಬಳೆಯಲ್ಲಿ ಕೂರಿಸಿ ಅಂಚು ಮಡಚುತ್ತಿದ್ದರು. ಕೋಟಿನ ಗುಂಡಿರಂಧ್ರಕ್ಕೆ ರಿಬ್ಬನ್ ಕಟ್ಟಿದರೆ ಪ್ರಚಾರ ಎದೆಯ ಮೇಲೆ.

ಕೆಡುತ್ತಿದ್ದದ್ದು ಹೆಚ್ಚಾಗಿ ಕತ್ತರಿಸುವಾಗ. ಬೇಯಿಸಿದ ಲೇಪ ಬಿರುಸು, ತಗಡು ಬಾಗಿದರೆ ಅಂಚಿನಲ್ಲಿ ಚಕ್ಕೆ ಏಳುತ್ತದೆ. ಹಿತ್ತಾಳೆಯ ಬಳೆ ಅಂದಕ್ಕಷ್ಟೇ ಬಂದದ್ದಲ್ಲ, ಆ ಚಕ್ಕೆ ಎದ್ದ ಅಂಚನ್ನು ಮುಚ್ಚುವುದು ಅದರ ಕೆಲಸ. ಲೇಪ ಹೋದಲ್ಲಿ ಬೆವರು, ತೇವ ಸೇರಿ ತುಕ್ಕು ಒಳಗಿನಿಂದ ಗುಳ್ಳೆ ಎಬ್ಬಿಸುತ್ತದೆ. ಚಿತ್ರದ ಚಿತ್ರ ತೆಗೆದಾಗ ನಡುವಿನ ಬೂದು ಛಾಯೆಗಳು ಉದುರಿಹೋಗಿ ಕೆನ್ನೆಯ ಗುಳಿ ಹೊಂಡದಂತೆ ಕಪ್ಪಾಗುತ್ತದೆ. ಲಿಂಕನ್‌ರಂಥ ಒಣಗಿದ ಮುಖಕ್ಕೆ ಇದು ದೊಡ್ಡ ಹಾನಿ. ಆದ್ದರಿಂದ ಕಾಗದದ ಪ್ರಿಂಟಿನ ಮೇಲೆಯೇ ಕುಂಚದಿಂದ ತಿದ್ದಿ ಆಮೇಲೆ ನಕಲು ಮಾಡುವುದಿತ್ತು.

ಯಾರ ಚಿತ್ರವನ್ನು ಯಾರು ಬೇಕಾದರೂ ನಕಲು ಮಾಡಬಹುದಾಗಿತ್ತು. ಅಮೆರಿಕದ ಕೃತಿಸ್ವಾಮ್ಯ ಕಾನೂನಿನೊಳಕ್ಕೆ ಫೋಟೊ ಸೇರಿದ್ದು 1865ರ ಮಾರ್ಚ್ 3ರಂದು, ಎರಡು ಚುನಾವಣೆ ಕಳೆದ ಮೇಲೆ. ಒಂದೇ ಫೆಬ್ರುವರಿ ಹಗಲಿನ ಆ ಮುಖ ಬಿಲ್ಲೆ, ಕಾರ್ಡು, ಕಲ್ಲಚ್ಚು, ಮರದಚ್ಚು ಎಂದು ಅಷ್ಟೊಂದು ರೂಪ ತಾಳಲು ಈ ಕಾನೂನಿನ ತೆರಪು ಮುಖ್ಯ ಕಾರಣ.

ಆ ಮುಖ ಎಷ್ಟು ದೂರ ಹೋಯಿತು ಎಂಬುದಕ್ಕೆ ನ್ಯೂಯಾರ್ಕ್ ರಾಜ್ಯದ ವೆಸ್ಟ್‌ಫೀಲ್ಡ್‌ನ 11 ವರ್ಷದ ಗ್ರೇಸ್ ಬೆಡೆಲ್ ಬರೆದ ಪತ್ರವೇ ಸಾಕ್ಷಿ. ತಂದೆ ಸಂತೆಮೇಳದಿಂದ ತಂದ ಲಿಂಕನ್ ಮತ್ತು ಹ್ಯಾಮ್ಲಿನ್ ಚಿತ್ರ ನೋಡಿದ ಹುಡುಗಿ 1860ರ ಅಕ್ಟೋಬರ್ 15ರಂದು ಪತ್ರ ಬರೆದು, ನಿಮ್ಮ ಮುಖ ತೀರ ತೆಳು, ಗಡ್ಡ ಬಿಟ್ಟರೆ ಚೆನ್ನಾಗಿ ಕಾಣುತ್ತೀರಿ ಎಂದಳು. ನವೆಂಬರ್ 25ರಂದು ಶಿಕಾಗೊದಲ್ಲಿ ಸ್ಯಾಮ್ಯುಯೆಲ್ ಆಲ್ಟ್‌ಶೂಲರ್ ತೆಗೆದ ಚಿತ್ರದಲ್ಲಿ ಗಡ್ಡ ಮೊಳೆತಿದೆ. ಮಾರುಕಟ್ಟೆಯಲ್ಲಿದ್ದ ಅಷ್ಟೂ ಮುಖಗಳು ಹಳತಾದವು. ಅಚ್ಚುಗಾರರು ಹಳೆಯ ಪಡಿಯಚ್ಚುಗಳಿಗೇ ಗಡ್ಡ ಬರೆದು ಮತ್ತೆ ಮಾರಾಟಕ್ಕಿಟ್ಟರು.

ಕಾರ್ಡು ಮತ್ತು ತೆರಿಗೆ ಚೀಟಿ

1864ರ ಚುನಾವಣೆಯ ಹೊತ್ತಿಗೆ ಪ್ರಚಾರದ ದೊಡ್ಡ ಸರಕು ಕಾರ್ಟ್ ದ ವಿಸಿತ್. ಪ್ಯಾರಿಸ್ಸಿನ ದಿಸ್ದೇರಿ 1854ರಲ್ಲಿ ಪೇಟೆಂಟ್ ಪಡೆದ ಈ ಕಾರ್ಡು ಸುಮಾರು 6 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರ. ನಾಲ್ಕು ಮಸೂರದ ಕ್ಯಾಮೆರಾದಿಂದ ಒಂದು ತಟ್ಟೆಯಲ್ಲಿ ಎಂಟು ಚಿತ್ರ. ಪ್ರಿಂಟಿಗೆ ಮೊಟ್ಟೆಯ ಬಿಳಿಲೋಳೆ ಹಚ್ಚಿದ ತೆಳುಕಾಗದ. ಬೆಳ್ಳಿಯ ದ್ರಾವಣದ ಮೇಲೆ ತೇಲಿಸಿ ಒಣಗಿಸಿದ ಕಾಗದವನ್ನು ನೆಗೆಟಿವ್ ಅಡಿಯಲ್ಲಿಟ್ಟು ಬಿಸಿಲಿಗೆ ಹಿಡಿದರೆ ಚಿತ್ರ ತಾನಾಗಿ ಕಪ್ಪಾಗುತ್ತಾ ಬರುತ್ತದೆ. ಆಮೇಲೆ ಚಿನ್ನದ ದ್ರಾವಣದಲ್ಲಿ ಬಣ್ಣ ತಿದ್ದಿ, ಹೈಪೋದಲ್ಲಿ ಸ್ಥಿರಗೊಳಿಸಿ, ಗಂಜಿಯಿಂದ ರಟ್ಟಿಗೆ ಅಂಟಿಸುವುದು. ಮೋಡ ಕವಿದರೆ ಕೆಲಸ ನಿಂತಂತೆ. ಬೇಡಿಕೆಯ ಅವಸರದಲ್ಲಿ ಹೈಪೋ ಸರಿಯಾಗಿ ತೊಳೆಯದೆ ಅಂಟಿಸಿದ ಕಾರ್ಡುಗಳು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಮಾಸಿದವು.

ಅಂತರ್ಯುದ್ಧದ ಖರ್ಚಿಗೆಂದು 1864ರ ಸೆಪ್ಟೆಂಬರ್ 1ರಿಂದ ಫೋಟೊಗಳ ಮೇಲೂ ತೆರಿಗೆ ಬಿತ್ತು. 25 ಸೆಂಟ್‌ವರೆಗಿನ ಚಿತ್ರಕ್ಕೆ 2 ಸೆಂಟ್, 50ರವರೆಗೆ 3, ಒಂದು ಡಾಲರ್‌ವರೆಗೆ 5 ಸೆಂಟ್ ಬೆಲೆಯ ಚೀಟಿಯನ್ನು ಬೆನ್ನಿಗೆ ಅಂಟಿಸಿ, ಅದರ ಮೇಲೆ ಶಾಯಿಯಲ್ಲಿ ಹೆಸರಿನ ಮೊದಲಕ್ಷರ, ತಾರೀಕು ಬರೆದು ರದ್ದುಮಾಡಬೇಕಿತ್ತು. 1866ರ ಆಗಸ್ಟ್ 1ಕ್ಕೆ ಇದು ನಿಂತಿತು. ನವೆಂಬರ್ 8ರ ಮತದಾನ ಈ ಅವಧಿಯೊಳಗೇ ಬಂದದ್ದರಿಂದ ಲಿಂಕನ್ ಅಥವಾ ಅವರ ಎದುರಾಳಿ ಮೆಕ್ಲೆಲನ್ ಕಾರ್ಡಿನ ಬೆನ್ನು ತಿರುಗಿಸಿ ನೋಡುವುದು ಮುಂಭಾಗ ನೋಡುವಷ್ಟೇ ಮುಖ್ಯ. ಶಾಯಿಯ ಆ ತಾರೀಕು ಕಾರ್ಡು ಮಾರಾಟವಾದ ದಿನವನ್ನು ಹೇಳುತ್ತದೆ. ಚಿತ್ರ ತೆಗೆದ ದಿನವಲ್ಲ, ಈ ವ್ಯತ್ಯಾಸ ಮರೆತು ಎಡವುವವರು ಬಹಳ.

ಮುಂದಿನ ಮೂರು ದಶಕ ಬೇಗ ಹೇಳಬಹುದು. ಒಣ ತಟ್ಟೆ ಬಂತು, ಹತ್ತು ನಿಮಿಷದ ಅವಸರ ಹೋಯಿತು, ಹಾಫ್‌ಟೋನ್ ಪತ್ರಿಕೆಗೆ ಹೊಕ್ಕಿತು. 1896ರಲ್ಲಿ ನ್ಯೂಜೆರ್ಸಿಯ ನೆವಾರ್ಕ್‌ನ ವೈಟ್‌ಹೆಡ್ ಅಂಡ್ ಹೋಗ್ ಕಂಪನಿಯ ಸೆಲ್ಯುಲಾಯ್ಡ್ ಗುಂಡಿಗಳು ಫೆರೊಟೈಪ್ ಬಿಲ್ಲೆಯ ಜಾಗ ಹಿಡಿದವು: ಲೋಹದ ಚಿಪ್ಪು, ಮೇಲೆ ಅಚ್ಚಾದ ಕಾಗದ, ಅದರ ಮೇಲೆ ಪಾರದರ್ಶಕ ಸೆಲ್ಯುಲಾಯ್ಡ್, ಹಿಂದೆ ಬಳೆ ಒತ್ತಿ ಪಿನ್ನು. ಆ ವರ್ಷದ ಇಬ್ಬರು ಮುಖ್ಯ ಅಭ್ಯರ್ಥಿಗಳಲ್ಲಿ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ರೈಲಿನಲ್ಲಿ ದೇಶ ಸುತ್ತಿದರು. ವಿಲಿಯಂ ಮೆಕಿನ್ಲಿ ಓಹಾಯೊದ ಕ್ಯಾಂಟನ್‌ನಲ್ಲಿ ತಮ್ಮ ಮನೆಯ ಜಗುಲಿ ಬಿಡಲಿಲ್ಲ, ಜನರೇ ರೈಲು ಹತ್ತಿ ಅಲ್ಲಿಗೆ ಬಂದರು. ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ರಂಗಮಂದಿರದ ಪರದೆಯ ಮೇಲೆ ಮೆಕಿನ್ಲಿ ತಮ್ಮ ಹುಲ್ಲುಹಾಸಿನ ಮೇಲೆ ನಡೆದುಬಂದರು. ಮನೆಯಲ್ಲೇ ಉಳಿದ ಅಭ್ಯರ್ಥಿಯ ಚಿತ್ರ ಈಗ ಚಲಿಸುತ್ತಿತ್ತು.

ಕೈಗೆ ಸಿಕ್ಕರೆ ನೋಡುವುದು ಹೇಗೆ

ಹೊರದೇಶದಲ್ಲಿರುವ ಕನ್ನಡಿಗರಿಗೆ ಹಳೆ ಸಾಮಾನಿನ ಸಂತೆಗಳಲ್ಲಿ ಇಂಥವು ಎದುರಾಗುವುದುಂಟು. ಮೊದಲು ಅಯಸ್ಕಾಂತ ಹಿಡಿಯಿರಿ. ಫೆರೊಟೈಪ್ ಕಬ್ಬಿಣವಾದ್ದರಿಂದ ಎಳೆದುಕೊಳ್ಳುತ್ತದೆ, ಡಗೆರೊಟೈಪ್ ಎಳೆಯುವುದಿಲ್ಲ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಸಮಸಾಲಿನ ಚುಕ್ಕೆಗಳು ಕಂಡರೆ ಅದು ಈಚಿನ ಮುದ್ರಣ. ಲೋಳೆಕಾಗದದ ಪ್ರಿಂಟಿನಲ್ಲಿ ಚುಕ್ಕೆ ಇರದು, ಕಾಗದದ ನಾರು ಕಾಣುತ್ತದೆ. ಡಗೆರೊಟೈಪ್ ಮೇಲಿನ ಗಾಜು ತೆಗೆದು ಬೆರಳಿನಿಂದ ಧೂಳು ಒರೆಸಿದರೆ ಧೂಳಿನ ಜೊತೆ ಮುಖವೂ ಅಳಿಸಿಹೋಗುತ್ತದೆ.

ಲಿಂಕನ್ ಬಿಲ್ಲೆಯಲ್ಲಿ ಗಡ್ಡ ಇಲ್ಲದಿದ್ದರೆ 1860, ಇದ್ದರೆ 1864 ಎಂಬುದು ಸಾಮಾನ್ಯ ಲೆಕ್ಕ. ಹಿಂಬದಿ ನೋಡಿ ಖಚಿತ ಮಾಡಿಕೊಳ್ಳಬೇಕು. 1860ಕ್ಕೆ ಹ್ಯಾಮ್ಲಿನ್, 1864ಕ್ಕೆ ಆಂಡ್ರೂ ಜಾನ್ಸನ್. ಜಾನ್ಸನ್ ಹೆಸರು ಕಂಡ ಮಾತ್ರಕ್ಕೆ 1864 ಎನ್ನಬೇಡಿ, 1860ರಲ್ಲಿ ಸ್ಟೀಫನ್ ಡಗ್ಲಸ್ ಜೊತೆ ನಿಂತವರ ಹೆಸರು ಹರ್ಷಲ್ ಜಾನ್ಸನ್.

ಕೊನೆಗೆ ಮಚ್ಚೆ. ಕಾಗದದ ಪ್ರಿಂಟಿನಲ್ಲಿ ಎಡಬಲ ಸರಿಯಾಗಿರುತ್ತದೆ. ಅದನ್ನು ಫೆರೊಟೈಪ್‌ಗೆ ಇಳಿಸಿದರೆ ಮಗುಚುತ್ತದೆ, ಮಚ್ಚೆ ಎಡಗೆನ್ನೆಗೆ ಹೋಗುತ್ತದೆ. ಆ ಫೆರೊಟೈಪನ್ನೇ ಎದುರಿಗಿಟ್ಟು ಇನ್ನೊಂದು ಫೆರೊಟೈಪ್ ತೆಗೆದರೆ ಮತ್ತೆ ಮಗುಚಿ ಬಲಗೆನ್ನೆಗೆ ಬರುತ್ತದೆ. ಆದ್ದರಿಂದ ಬಿಲ್ಲೆಯಲ್ಲಿ ಲಿಂಕನ್‌ರ ಮಚ್ಚೆ ಸರಿಯಾದ ಕೆನ್ನೆಯಲ್ಲೇ ಕಂಡು, ಮುಖ ಗಡುಸಾಗಿ, ನಡುವಿನ ಬೂದು ಛಾಯೆಗಳು ತೀರ ಕಮ್ಮಿಯಾಗಿದ್ದರೆ, ಅದು ನಕಲಿನ ನಕಲು ಇರುವ ಸಾಧ್ಯತೆಯೇ ಹೆಚ್ಚು. ಮಚ್ಚೆ ತಪ್ಪು ಕೆನ್ನೆಯಲ್ಲಿದ್ದು, ತುಟಿಯಂಚಿನ ನೆರಳು ಇನ್ನೂ ಮೆತ್ತಗಿದ್ದರೆ, ಮೂಲ ಪ್ರಿಂಟಿಗೆ ಒಂದೇ ಹೆಜ್ಜೆ ದೂರದಲ್ಲಿರುವ ಬಿಲ್ಲೆ ನಿಮ್ಮ ಕೈಯಲ್ಲಿದೆ.